16 ವರ್ಷ ಬಾಳಿದ ನಮ್ಮ ಕರಿಯ

ಹೋದ ಶ್ರಾವಣದಲ್ಲಿ ಊರಲ್ಲಿ ನಮ್ಮ ಕರಿಯ ತೀರಿಕೊಂಡ. ಜಾತಿನಾಯಿ ಏನಲ್ಲ, ಬೀದಿಯಿಂದ ಬಂದ ಮರಿ. 16 ವರ್ಷ ಹೇಗೆ ಬಾಳಿದ ಅಂತ ಇಲ್ಲಿನ ಗೆಳೆಯರು ಕೇಳ್ತಾರೆ.

ಮುಖ್ಯ ಕಾರಣ ಮೈತೂಕ ಅಂತ ನನ್ನ ಲೆಕ್ಕ. ಅಮ್ಮ ಎರಡೇ ಹೊತ್ತು, ಅಳತೆಯಾಗಿ ಮುದ್ದೆ-ಮೊಸರು ಹಾಕ್ತಿದ್ದರು. ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯವಕ್ಕಿಂತ ಕಾಲುಭಾಗ ಕಡಿಮೆ ತಿಂದ ನಾಯಿಗಳು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದವು. ಸಣ್ಣ ಮೈಕಟ್ಟಿನ ನಾಯಿಗಳು ಸಾಮಾನ್ಯವಾಗಿ ದೊಡ್ಡವಕ್ಕಿಂತ ಹೆಚ್ಚು ಬಾಳುತ್ತವೆ. ಅದು ಕರಿಯನ ಅದೃಷ್ಟ.

ನಮ್ಮ ಸಾರು ಅವನಿಗೆ ಇರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗಲ್ಲ. ದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ, ಹಾಗಾಗಿ ಒಣದ್ರಾಕ್ಷಿ ಹಾಕಿದ ಹಬ್ಬದ ಪಾಯಸವೂ ಇಲ್ಲ. (ಅಜ್ಜಿಗೆ ಮಾತ್ರ ಇದು ಕೊನೆವರೆಗೂ ಒಪ್ಪಿಗೆಯಾಗಲಿಲ್ಲ.)

ಅಪ್ಪ ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ ಉಣ್ಣೆ ಕೀಳ್ತಿದ್ದರು. ನಮ್ಮ ಕಡೆ ಎಷ್ಟೋ ನಾಯಿಗಳು ಉಣ್ಣೆಯಿಂದ ಬರೋ ಜ್ವರಕ್ಕೇ ಸಾಯ್ತವೆ. ರೇಬಿಸ್ ಲಸಿಕೆಯಂತೂ ವರ್ಷ ವರ್ಷ ತಪ್ಪಲಿಲ್ಲ.

ಕೊನೇ ವರ್ಷ ಕಣ್ಣು ಮಂಜಾಗಿತ್ತು. ವಿಡಿಯೋ ಕಾಲ್‌ನಲ್ಲಿ ನಾನು ಕೂಗಿದರೆ ಫೋನ್ ಬಿಟ್ಟು ಬಾಗಿಲ ಕಡೆ ನೋಡ್ತಿದ್ದ.