ನಿಮಗಿದು ಗೊತ್ತೆ? ರೋಮ್ ಚಕ್ರವರ್ತಿಗಳು ಯಶವಂತಪುರದಲ್ಲಿ ಸಿಕ್ಕಿದ್ದರು!

ರಾಜ್ಯದ ಎಂಟನೇ ತರಗತಿ ಸಮಾಜ ವಿಜ್ಞಾನದಲ್ಲಿ ರೋಮ್ ಪಾಠವಿದೆ. ಆಗಸ್ಟಸ್, ಟೈಬೀರಿಯಸ್ ಎಂದು ಬಾಯಿಪಾಠ ಮಾಡುವ ಮಲೆನಾಡಿನ ಬಣಕಲ್ ಮಕ್ಕಳಿಗೆ ಮೇಷ್ಟ್ರು ಇದನ್ನೂ ಹೇಳಬಹುದು: ಇಬ್ಬರೂ ಕರ್ನಾಟಕದ ಮಣ್ಣಿನಲ್ಲೇ ಸಿಕ್ಕಿದ್ದಾರೆ, ಬೆಳ್ಳಿ ನಾಣ್ಯಗಳ ಮೇಲೆ. 1891ರಲ್ಲಿ ಯಶವಂತಪುರದಲ್ಲಿ 163, 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ನಾಣ್ಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ.

ಭಾರತದಲ್ಲಿ ಹೆಚ್ಚಾಗಿ ಸಿಗುವ ಆಗಸ್ಟಸ್ ನಾಣ್ಯವನ್ನೇ ನೋಡಿ. ತೂಕ ನಾಲ್ಕು ಗ್ರಾಂ ಕೂಡ ಇಲ್ಲ. ಒಂದು ಕಡೆ ಎಲೆಗಳ ಕಿರೀಟ ತೊಟ್ಟ ಚಕ್ರವರ್ತಿಯ ತಲೆ. ಇನ್ನೊಂದು ಕಡೆ ಗುರಾಣಿ, ಈಟಿಗಳೊಂದಿಗೆ ನಿಂತ ಇಬ್ಬರು ಹುಡುಗರು: ಮಗಳ ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್. ಆಗಸ್ಟಸ್ ಇಬ್ಬರನ್ನೂ ದತ್ತು ಪಡೆದಿದ್ದ. ಇಬ್ಬರೂ ಅಜ್ಜನಿಗಿಂತ ಮೊದಲೇ ತೀರಿಕೊಂಡರು. ಕೊನೆಗೆ ಪಟ್ಟವು ಆಗಸ್ಟಸ್‌ನ ಹೆಂಡತಿಯ ಮೊದಲ ಮದುವೆಯ ಮಗ ಟೈಬೀರಿಯಸ್ ಪಾಲಾಯಿತು. ಉತ್ತರಾಧಿಕಾರದ ಇಡೀ ಪಾಠ ಬೆರಳ ತುದಿಯಷ್ಟು ಬೆಳ್ಳಿಯಲ್ಲಿ!

ಹಣ ಇತ್ತ ಹರಿಯಲು ದೊಡ್ಡ ಕಾರಣ ಕರಿಮೆಣಸು. ಇಂದು ಬಣಕಲ್ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬುವ ಅದೇ ಬಳ್ಳಿ. ರೋಮನ್ನರ ಹಡಗುಗಳು ಮೆಣಸು ತುಂಬಿಕೊಳ್ಳುತ್ತಿದ್ದದ್ದು ಕೇರಳದ ಮುಜಿರಿಸ್‌ನಂಥ ಬಂದರುಗಳಲ್ಲಿ. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಸೋರಿಹೋಗುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದ. ಆದರೂ ಚಕ್ರವರ್ತಿ ಡೊಮಿಷಿಯನ್ ರೋಮ್ ನಗರದಲ್ಲಿ ಮೆಣಸಿಗೆಂದೇ ಉಗ್ರಾಣ ಕಟ್ಟಿಸಿದ.

ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೊ ನಾಣ್ಯದಲ್ಲಿನ ಬೆಳ್ಳಿಯ ಪ್ರಮಾಣ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯಗಳು ನಮ್ಮಲ್ಲಿ ಸಿಗುವುದೇ ಅಪರೂಪ. ವರ್ತಕರು ಹಳೆಯದನ್ನೇ ಕೇಳಿ ಪಡೆಯುತ್ತಿದ್ದರು ಎಂಬುದು ವಿದ್ವಾಂಸರ ಲೆಕ್ಕಾಚಾರ.