ಡೈರಿ ತುಂಬಿಸಬೇಕಿಲ್ಲ, ಒಂದು ಸಾಲು ಸಾಕು

ಪ್ರತಿ ಜನವರಿಯಲ್ಲೂ ನಾನೊಂದು ಹೊಸ ಡೈರಿ ಕೊಳ್ತಿದ್ದೆ. ದಪ್ಪ ರಟ್ಟು, ಕೆನೆಬಣ್ಣದ ಹಾಳೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಮುಗಿಯುವಷ್ಟರಲ್ಲಿ ಬರೆಯೋದೂ ಮುಗಿದಿರುತ್ತಿತ್ತು. ಚೆಂದದ ಹಾಳೆಯಲ್ಲಿ ಚೆಂದದ್ದನ್ನೇ ಬರೆಯಬೇಕು ಅನ್ನೋ ಭಯ. ಆಫೀಸಿನ ಟಾರ್ಗೆಟ್ ಸಾಲದು ಅಂತ ಮನೆಯಲ್ಲೂ ಒಂದು ಟಾರ್ಗೆಟ್!

ಕಳೆದ ವರ್ಷ ಅಪ್ಪ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಅವರ ಕನ್ನಡಕದ ಡಬ್ಬಿಯಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು. ಹಾಸನದಿಂದ ಬೆಂಗಳೂರಿಗೆ. ನನ್ನನ್ನು ನೋಡೋಕೆ ಕೊನೇ ಸಲ ಬಂದಾಗಿನದು. ಆ ದಿನ ನಾನು ಸಂಜೆವರೆಗೂ ಲ್ಯಾಪ್‌ಟಾಪ್ ಮುಂದೆ, ಮೀಟಿಂಗ್ ಮೇಲೆ ಮೀಟಿಂಗ್. ಅಪ್ಪ ಪೇಪರ್ ಓದಿ, ತಾವೇ ತಂದಿದ್ದ ತೆಂಗಿನಕಾಯಿಗಳನ್ನು ಅಡುಗೆಮನೆಯಲ್ಲಿ ಜೋಡಿಸಿಟ್ಟು, ಮರುದಿನ ಬೆಳಗ್ಗೆ ಹೊರಟುಬಿಟ್ಟಿದ್ದರು.

ರಾತ್ರಿ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಆ ಟಿಕೆಟ್ ಅಂಟಿಸಿ, ಕೆಳಗೆ ಬರೆದೆ: ‘ಅಪ್ಪ ಬಂದಿದ್ದರು. ನಾನು ಮಾತಾಡಲಿಲ್ಲ.’ ಅಲ್ಲಿವರೆಗೂ ಬಾರದಿದ್ದ ಅಳು ಆಗ ಬಂತು.

ಬರೆದರೆ ತಕ್ಷಣ ಹಗುರಾಗುತ್ತೆ ಅಂತೇನಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಸಹೋದ್ಯೋಗಿಯೊಬ್ಬರ ಜತೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ 15 ನಿಮಿಷ, ನಾಲ್ಕೇ ದಿನ. ನೋವನ್ನು ಮನಬಿಚ್ಚಿ ಬರೆದವರಿಗೆ ಆ ಹೊತ್ತಿಗೆ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ.

ನಾನೀಗ ಮಾಡೋದು ಅಷ್ಟೂ ಇಲ್ಲ. ದಿನಕ್ಕೊಂದು ಕಾಗದದ ಚೂರು, ಒಂದು ಸಾಲು. ಹೋಟೆಲ್ ಬಿಲ್, ಹೂವು ಕಟ್ಟಿ ಕೊಟ್ಟ ಪೇಪರ್, ಮದುವೆ ಕಾಗದದ ಅಂಚು, ಏನಾದರೂ ಆದೀತು. ಏನೂ ತೋಚದಿದ್ದರೆ ಈ ಪ್ರಶ್ನೆಗಳಲ್ಲಿ ಒಂದನ್ನು ಹಿಡಿದುಕೊಳ್ತೀನಿ:

• ಇವತ್ತು ಊಟದ ಡಬ್ಬಿಯಲ್ಲಿ ಏನಿತ್ತು?
• ನಗಿಸಿದವರು ಯಾರು?
• ದಾರಿಯಲ್ಲಿ ಯಾವ ಬಣ್ಣ ಕಣ್ಣಿಗೆ ಬಿತ್ತು?
• ಬಾಯಿಗೆ ಬಂದು ಹೇಳದೆ ಉಳಿದ ಮಾತು ಯಾವುದು?

ನೋಟ್‌ಬುಕ್ ಕಂಡರೇ ಭಯ ಅನ್ನೋರಿಗೆ ಒಂದೇ ಹಾಳೆಯ ಪುಸ್ತಕ ಇದೆ. ಎ4 ಹಾಳೆಯನ್ನು ಮೂರು ಸಲ ಅರ್ಧರ್ಧಕ್ಕೆ ಮಡಚಿ ಬಿಚ್ಚಿ. ಎಂಟು ಚೌಕ ಕಾಣುತ್ತವೆ. ಕಿರಿದಾದ ಎರಡು ಅಂಚುಗಳು ಕೂಡುವಂತೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಅರ್ಧದವರೆಗೆ ಮಾತ್ರ ಕತ್ತರಿಸಿ. ಬಿಚ್ಚಿ, ಈಗ ಉದ್ದುದ್ದಕ್ಕೆ ಮಡಚಿ ಎರಡು ತುದಿಗಳನ್ನೂ ಒಳಕ್ಕೆ ತಳ್ಳಿ. ಕತ್ತರಿಸಿದ ಜಾಗ ಬಾಯಿ ತೆರೆದುಕೊಂಡು ಎಂಟು ಪುಟದ ಪುಟಾಣಿ ಪುಸ್ತಕವಾಗುತ್ತೆ. ಮುಖಪುಟಕ್ಕೊಂದು ಹೆಸರಿಟ್ಟರೆ, ವಾರದ ಏಳು ದಿನಕ್ಕೆ ಏಳು ಪುಟ. ಒಂದು ದಿನ ತಪ್ಪಿದರೆ ಆ ಪುಟ ಖಾಲಿ ಬಿಡಿ. ಯಾರೂ ಲೆಕ್ಕ ಕೇಳಲ್ಲ.

ಒಂದು ಎಚ್ಚರಿಕೆ. ಮೆಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್, ಟಿಕೆಟ್‌ಗಳ ಅಕ್ಷರ ಶಾಖದಿಂದ ಮೂಡಿದ್ದು, ಬರ್ತಾ ಬರ್ತಾ ಮಾಸಿಹೋಗುತ್ತೆ. ಅಂಟಿಸಿದ ದಿನವೇ ಅದರಲ್ಲಿರೋದನ್ನು ಪಕ್ಕದಲ್ಲಿ ಪೆನ್ನಿನಿಂದ ಬರೆದಿಟ್ಟುಬಿಡಿ.

ಇದು ನನಗೆ ತಡವಾಗಿ ಗೊತ್ತಾಯ್ತು. ಅಪ್ಪನ ಟಿಕೆಟ್ಟಿನಲ್ಲಿ ಈಗ ‘ಹಾಸನ’ ಮಾತ್ರ ಮಸುಕಾಗಿ ಕಾಣುತ್ತೆ. ಅದರ ಕೆಳಗೆ ನನ್ನ ಸೊಟ್ಟ ಅಕ್ಷರದ ಆ ಸಾಲು ಹಾಗೇ ಇದೆ. ಮೊನ್ನೆ ಅದರ ಪಕ್ಕದಲ್ಲಿ ಇನ್ನೊಂದು ಸೇರಿಸಿದೆ: ‘ಇವತ್ತು ಅಮ್ಮನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದೆ.’