ಕಂಪ್ಯೂಟರ್ ನಿಧಾನವೇ? ಗಂಟು ಬಿಚ್ಚಿ ನೋಡಿ!

ದಿನವೂ ಮನೆಯ ಸಾಮಾನೆಲ್ಲ ಗಂಟು ಕಟ್ಟಿ ಧಾರವಾಡದಿಂದ ಹುಬ್ಬಳ್ಳಿಗೆ ಹೊತ್ತು ತಂದು, ಸಂಜೆ ಮತ್ತೆ ಹೊತ್ತು ಮರಳಿದರೆ ಹೇಗಿದ್ದೀತು? ಕಾಲೇಜು ಲ್ಯಾಬು, ಕಚೇರಿಗಳ ಎಷ್ಟೋ ಕಂಪ್ಯೂಟರುಗಳ ಪಾಡೂ ಇದೇ!

ಯಾವ ಯಂತ್ರದೆದುರು ಕುಳಿತರೂ ನಿಮ್ಮದೇ ಪರದೆ ಕಾಣಲೆಂದು ‘ರೋಮಿಂಗ್ ಪ್ರೊಫೈಲ್’ ಸರ್ವರ್‌ನಲ್ಲಿರುತ್ತದೆ. ಲಾಗಿನ್ ಆದಾಗ ಡೆಸ್ಕ್‌ಟಾಪಿನ ಕಡತಗಳ ಸಮೇತ ಇಳಿದು, ಲಾಗೌಟ್ ಆದಾಗ ಮರಳುತ್ತದೆ. ಎಂದೂ ಬಳಸದ ಯಂತ್ರಗಳಲ್ಲಿ 40 ವಿದ್ಯಾರ್ಥಿಗಳು ತಲಾ 500 ಎಂಬಿ ಗಂಟಿನೊಡನೆ ಒಮ್ಮೆಲೇ ಕುಳಿತರೆ 20 ಜಿಬಿ. ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ತಂತಿಗೂ ಕನಿಷ್ಠ 160 ಸೆಕೆಂಡು ಬೇಕು. ಪ್ರಾಯೋಗಿಕ ಪರೀಕ್ಷೆಯ ದಿನ ಅದೇನು ಕಡಿಮೆಯೇ?

ಅದೇ ಯಂತ್ರ ಗೆಳೆಯನಿಗೆ ಬೇಗ ತೆರೆದುಕೊಂಡರೆ ದೋಷ ಬಹುಶಃ ಯಂತ್ರದ್ದಲ್ಲ, ನಿಮ್ಮ ಗಂಟಿನದು. ದೊಡ್ಡ ಕಡತಗಳನ್ನು ಲ್ಯಾಬು ಕೊಟ್ಟ ನೆಟ್‌ವರ್ಕ್ ಫೋಲ್ಡರಿಗೆ ಸಾಗಿಸಿ. ಲಾಗೌಟ್ ಮುಗಿಯುವ ಮುನ್ನ ಸ್ವಿಚ್ ಆರಿಸಿದರೆ ಅಂದಿನ ಕೆಲಸ ಸರ್ವರಿಗೆ ಮರಳದು.

ಪಾಲಕರೇ, ಮಕ್ಕಳು ‘ಯಂತ್ರ ಕೆಟ್ಟಿದೆ’ ಎಂದರೆ ಮೊದಲು ಕೇಳಿ: ಗಂಟು ಎಷ್ಟು ಭಾರ?